ಹೊಟ್ಟಿನ ಬೂದಿ

ನಾರ್ವೆಯಿಂದ ಬರುವ ಸಿಲಿಕಾ ಚೀಲದ ಬೆಲೆ ನೋಡಿ
ಜಿಲ್ಲಾ ಕಚೇರಿ ಕಡತ ಮುಚ್ಚಿತು.
ನಮ್ಮ ಮೆಕಾಂಗ್ ಕಾಲುವೆಗೆ ಇನ್ನೊಂದು ವರ್ಷ
ಬಿದಿರ ಸಂಕವೇ ಗತಿ.

ಸಾ ಡೆಕ್‌ನ ಇಟ್ಟಿಗೆ ಗೂಡು. ಞಾನ್ ಅಜ್ಜಿಯ ಹಿತ್ತಿಲಲ್ಲಿ
ಭತ್ತದ ಹೊಟ್ಟು ಉರಿದುಳಿದ ಬೂದಿಗುಡ್ಡ.
"ಒಯ್ಯಿರಪ್ಪ, ಪುಣ್ಯ ಬರುತ್ತೆ. ಗಾಳಿ ಎದ್ದರೆ
ಪಕ್ಕದ ಮನೆಯವಳು ಒಗೆದ ಬಟ್ಟೆ ಹಿಡಿದು ಬೈತಾಳೆ."

ಹೊಟ್ಟು ಕುಟ್ಟಿದರೆ ಕೈನೋವಷ್ಟೇ ಅನ್ನುತ್ತಾರೆ.
ಕುಟ್ಟಿದೆವು,
ಉಕ್ಕಿನ ಗುಂಡು ತುಂಬಿದ ಡ್ರಮ್ಮಿನಲ್ಲಿ ಮೂರು ತಿಂಗಳು,
ಮುಖದ ಪೌಡರಿನಷ್ಟು ನುಣ್ಣಗೆ.
ಮೊದಲ ಹನ್ನೊಂದು ಕಾಂಕ್ರೀಟು ಘನಗಳು
ಚಹಾದಲ್ಲಿ ನೆನೆದ ಬಿಸ್ಕತ್ತು.

ಹನ್ನೆರಡನೆಯ ಸಲ ಅಜ್ಜಿಯೇ ಬಂದಳು,
ಬೂದಿಯನ್ನು ಬೆರಳಲ್ಲಿ ತಿಕ್ಕಿ ಬೆಳಕಿಗೆ ಹಿಡಿದಳು:
"ಕರಿ ಇದ್ದರೆ ಬೆಂದಿಲ್ಲ. ಗುಲಾಬಿ ಇದ್ದರೆ ಸೀದಿದೆ.
ಕೊಕ್ಕರೆ ಬೆನ್ನಿನ ಬಣ್ಣ ಬರಬೇಕು."
ನನ್ನ ಥರ್ಮಾಮೀಟರಿಗೆ ಗೊತ್ತಿಲ್ಲದ ಬಣ್ಣ.

ಇಪ್ಪತ್ತೆಂಟು ದಿನ ನೀರಲ್ಲಿ ಮಲಗಿಸಿ ಎತ್ತಿದೆವು.
ಯಂತ್ರ ಒತ್ತಿತು, ಒತ್ತಿತು,
ಮುಳ್ಳು ನೂರು ದಾಟಿತು, ನೂರಿಪ್ಪತ್ತು,
ಖಾಯ್ ಎದ್ದು ಗೋಡೆಗೆ ಸರಿದ.
ಒಡೆದಾಗ ಕಿಟಕಿ ನಡುಗಿತು.
ಯಾರೂ ಕೂಗಲಿಲ್ಲ.
ಯಾರೋ ನೆಲ ಗುಡಿಸತೊಡಗಿದರು.

ಈಗಿನ ಸೇತುವೆ ಗೇಣುದಪ್ಪವೂ ಇಲ್ಲ.
ಆರು ಮೂಟೆ ಅಕ್ಕಿ ಹೊತ್ತ ಬೈಕು ದಾಟುವಾಗ
ಕೆಳಗೆ ದೋಣಿಯವನು ತಲೆ ಎತ್ತುವುದಿಲ್ಲ.
ಸಿಮೆಂಟು ಎಷ್ಟು ಉಳಿಯಿತು, ಹೊಗೆ ಎಷ್ಟು ಇಳಿಯಿತು,
ಆ ಲೆಕ್ಕ ಕಚೇರಿಯಲ್ಲಿದೆ.

ಮೊನ್ನೆ ಅಜ್ಜಿ ಫೋನು ಮಾಡಿದ್ದಳು.
ಕ್ಷೇಮ ಸಮಾಚಾರ, ಮಂಡಿನೋವು, ಮಳೆ,
ಆಮೇಲೆ ಮೆಲ್ಲಗೆ:
"ಬೂದಿ, ಕಿಲೋಗೆ ಎಷ್ಟು ಕೊಡ್ತೀರಿ?"