ಬುಧವಾರದ ಸರದಿ

ಪೂಜೆ ಮುಗಿದ ಮೇಲೆ ಉಪದೇಶಿ ಇನ್ನಾಸಪ್ಪ
ಕನ್ನಡಕ ಹಣೆಗೇರಿಸಿ ವಾರದ ಚೀಟಿ ಓದುತ್ತಾನೆ:
ಗುರುವಾರ ಹಾಡಿನ ತಾಲೀಮು, ಹಾರ್ಮೋನಿಯಂ ರಿಪೇರಿಗೆ ಹೋಗಿದೆ;
ಶನಿವಾರ ಗುಡಿ ತೊಳೆಯುವ ಪಾಳಿ ಕೌಲ್‌ಬಜಾರದ ಹೆಂಗಸರದು,
ನಲ್ಲಿ ಬಾರದಿದ್ದರೆ ಭಾನುವಾರ ನಸುಕಿನಲ್ಲಿ.
ಬುಧವಾರ ಜಪಸರ...
ಇಲ್ಲಿ ಅವನಿಗೆ ಕೆಮ್ಮು ಬಂತು.
ಚೌರಪ್ಪನ ಮನೆಯಲ್ಲಿ.

ಎರಡು ಈಸ್ಟರ್ ದಾಟಿದವು, ಆತ ಮೆಟ್ಟಿಲು ಹತ್ತಿಲ್ಲ.
ಹೆಂಡತಿಯ ಸಮಾಧಿಗೆ ಕೊಟ್ಟ ಮೂಲೆಯ ಜಾಗ,
ಅದರ ಮೇಲೆ ಯಾರೋ ಏನೋ ಅಂದದ್ದು.
ಅಂದವರಲ್ಲಿ ನಾನೂ ಇದ್ದೆ.

ಆದರೂ ಹೋದೆವು, ಜೀನ್ಸ್ ಯೂನಿಟ್ ಬಿಟ್ಟವರು ಬಿಟ್ಟ ಹಾಗೇ,
ಮಣಿ ಎಣಿಸುವ ಬೆರಳಲ್ಲಿ ನೀಲಿ ಇಟ್ಟುಕೊಂಡು.
ಬಾಗಿಲು ಹಾಕಿತ್ತು. ಒಳಗೆ ಟಿವಿ.
ಕಟ್ಟೆಯ ಮೇಲೇ ಕೂತೆವು; ಬಳ್ಳಾರಿ ಕಲ್ಲು,
ಕತ್ತಲಾದರೂ ಬಿಸಿಲನ್ನು ಬಿಟ್ಟುಕೊಟ್ಟಿರಲಿಲ್ಲ.

ಮೂರನೇ ರಹಸ್ಯಕ್ಕೆ ಟಿವಿ ನಿಂತಿತು.
ನಾಲ್ಕರಲ್ಲಿ ಅಂತೋನಿಯಮ್ಮ ಲೆಕ್ಕ ತಪ್ಪಿ
ಹನ್ನೊಂದನೇ 'ನಮೋ ಮರಿಯಾ' ಎತ್ತಿಕೊಂಡಳು.
"ಹತ್ತಾತು," ಅಂತು ಬಾಗಿಲ ಹಿಂದಿನ ದನಿ,
"ಹತ್ತ ಆಗ್ಯಾವ. ಪಿತನಿಗೂ ಸುತನಿಗೂ ಹೇಳ್ರಿ."

ಹೇಳಿದೆವು.
ಬಾಗಿಲು ತೆರೆಯಲಿಲ್ಲ, ನಾವೂ ತಟ್ಟಲಿಲ್ಲ.
ಏಳುವಾಗ ಹೊರಗಿನ ದೀಪ ಹತ್ತಿತು,
ಅವರವರ ಚಪ್ಪಲಿ ಅವರವರಿಗೆ
ಕಾಣುವಷ್ಟು.