ಮೈನಸ್ ಒಂಬೈನೂರ ತೊಂಬತ್ತೊಂಬತ್ತು

ಕಿರ್ಗಿಸ್ತಾನದ ನರೀನ್ ಊರು, ಜಲಮಾಪನ ಕಚೇರಿ,
ಕಿಟಕಿಯ ಸಂದಿಗೆ ಹಳೇ ಪತ್ರಿಕೆ ತುರುಕಿದ ಕೋಣೆ.
ಸಿರ್ಗಾ ಕೆಲಸಕ್ಕೆ ಸೇರಿ ಒಂಬತ್ತು ದಿನ.
ಮುಳ್ಳುಬೂಟು ಕಟ್ಟಿ ಹಿಮನದಿಯ ಬೆನ್ನು ಹತ್ತಿದವಳು,
ಮಂಜಿನ ಪದರ ಕೊರೆದು ವರ್ಷ ಎಣಿಸಬಲ್ಲವಳು,
ಕಂಪ್ಯೂಟರಿಗೆ ಮಾತ್ರ ಈವರೆಗೆ
ಅರ್ಜಿ ಟೈಪು ಮಾಡುವ ಕೆಲಸವಷ್ಟೇ ಕೊಟ್ಟವಳು.

"ಮೂವತ್ತು ವರ್ಷದ ಉಷ್ಣಾಂಶ ಇದರಲ್ಲಿದೆ,
ತಿಂಗಳ ಸರಾಸರಿ ತೆಗೆದಿಡು" ಅಂದು
ಕನಿಮೆತ್ ಸಾಹೇಬರು ಪೆನ್‌ಡ್ರೈವ್ ಇಟ್ಟು ಊಟಕ್ಕೆ ಹೋದರು.
ಅದು ಅಣ್ಣನ ಮಗಳ ಮದುವೆ ಊಟ;
ಮೂರು ದಿನ ಬರಲಿಲ್ಲ.

ಮೊದಲ ಸಾಲಿಗೇ ಜಗಳ.
ಸೆಲ್ಸಿಯಸ್ಸಿಗೆಂದು ಒಂದಕ್ಷರದ ಹೆಸರಿಟ್ಟಳು: ಸಿ.
ಕೆಳಗೆ ಅದನ್ನೇ ಕರೆದರೆ ಯಂತ್ರ ಕೇಳುತ್ತದೆ,
ಸಿ ಅಂದರೆ ಯಾರು? ನಾನರಿಯೆ.
ಮೇಲಿನ ಸಾಲಲ್ಲೇ ಕೂತಿದೆಯಲ್ಲೋ, ಕಣ್ಣಿಲ್ಲವೆ ನಿನಗೆ?
ಇಲ್ಲ. ಅದಕ್ಕೆ ಕಣ್ಣಿಲ್ಲ, ವಿಷಯ ಅಷ್ಟೇ.
ನಡುವೆಲ್ಲೋ ಬೆರಳು ಬಿದ್ದು ಕೀಲಿಮಣೆ
ಅವಳ ಮಾತೃಭಾಷೆಯ ಲಿಪಿಗೆ ಜಾರಿತ್ತು.
ಅಲ್ಲೂ ಹೀಗೇ ಒಂದು ಬಾಯ್ತೆರೆದ ಅರ್ಧಚಂದ್ರ,
ಆದರೆ ಅದು ಸಕಾರ.
ನೋಟಕ್ಕೆ ಅವಳಿ, ಒಳಗೆ ಬೇರೆ ತಾಯಿಯ ಮಕ್ಕಳು.
ಅರ್ಧ ದಿನ ತಿಂದಿತು ಆ ಅಕ್ಷರ.

ಆಮೇಲೆ ಎಣಿಕೆ. ಪಟ್ಟಿಯ ಮೊದಲನೆಯದು ಒಂದಲ್ಲ, ಸೊನ್ನೆ.
ಕಣದ ರಾಶಿ ಅಳೆವಾಗ ಮೊದಲ ಕೊಳಗಕ್ಕೆ
ಒಂದು ಎನ್ನದೆ ಲಾಭ ಎನ್ನುವ ನಮಗೆ
ಇದು ಅಂಥ ಸೋಜಿಗವಲ್ಲ;
ಅವಳು ಮಾತ್ರ ಏಳನೆಯದು ಕೊಡೆಂದು
ಜುಲೈಗೆ ಕೈಯೊಡ್ಡಿ ಆಗಸ್ಟ್ ಪಡೆದಳು.

ಮೂರನೆಯ ಸಂಜೆ ಎಲ್ಲ ಕೂಡಿಬಂತು.
ಜುಲೈ, ವರ್ಷ ವರ್ಷಕ್ಕೆ: ಎಂಟು, ಒಂಬತ್ತು, ಹತ್ತು.
ಎಂಬತ್ತೇಳಕ್ಕೆ ಬಂದಾಗ
ಮೈನಸ್ ಎಂಬತ್ತೆಂಟೂವರೆ.

ಹಾಗಿದ್ದರೆ ಕುರಿಗಳು ನಿಂತಲ್ಲೇ ಕಲ್ಲಾಗಬೇಕಿತ್ತು.
ಆ ಜುಲೈನಲ್ಲಿ ಅವಳ ಅಮ್ಮ
ಮೇಲಿನ ಹುಲ್ಲುಗಾವಲಲ್ಲಿ ಬರಿಗಾಲಲ್ಲಿ
ಕುದುರೆಮರಿಯ ಹಿಂದೆ ಓಡುತ್ತಿದ್ದಳಂತೆ.

ಕೂಡಿಸಿದ್ದು ಸರಿ, ಭಾಗಿಸಿದ್ದು ಸರಿ.
ಚಹಾ ಆರಿತು. ಕೊನೆಗೆ ಬರಿಗಣ್ಣಲ್ಲೇ
ಒಂದೊಂದೇ ದಿನ ಇಳಿಯುತ್ತ ಬಂದರೆ
ಹದಿನಾಲ್ಕು, ಹದಿನೈದು, ಹದಿನಾರರ ಎದುರಿಗೆ
ಮೈನಸ್ ಒಂಬೈನೂರ ತೊಂಬತ್ತೊಂಬತ್ತು.
ಅಳತೆ ಇಲ್ಲ ಎಂಬುದಕ್ಕೆ ಯಾರೋ ಇಟ್ಟ ಗುರುತು.
ಯಾರೂ ನಂಬಲಾರದಷ್ಟು ದೊಡ್ಡ ಸುಳ್ಳಿರಲಿ ಎಂದು ಇಟ್ಟದ್ದು;
ಯಂತ್ರ ನಂಬಿತು.

ಇದು ಕಂಡರೆ ದಾಟಿ ಹೋಗು, ಎಂದು ಒಂದು ಸಾಲು.
ಒಂಬತ್ತು ಬಂತು. ಮನೆಗೆ ಹೋಗಬಹುದಿತ್ತು.

ಕಬ್ಬಿಣದ ಬೀರು ತೆರೆದಳು.
ಎಂಬತ್ತೇಳರ ವಹಿ, ಹೆಬ್ಬೆರಳ ಜಿಡ್ಡು ಕುಡಿದ ಅಂಚು,
ವೀಕ್ಷಕ ಜುಮಾದಿಲ್ ಎಂದು ಒಳರಟ್ಟಿನಲ್ಲಿ ರುಜು.
ಹದಿನಾಲ್ಕು: ರಾತ್ರಿ ಹೊಳೆ ಸೇತುವೆ ಒಯ್ದಿತು.
ಹದಿನೈದು: ಈಚೆ ದಡದಲ್ಲಿ ನಿಂತೆ. ಆಚೆ
ಮಾಪಕದ ಬಿಳಿ ಪೆಟ್ಟಿಗೆ ಕಾಣುತ್ತದೆ. ಪಾದರಸ ಕಾಣದು.
ಹದಿನಾರು: ಹಾಗೆಯೇ.

ಒಂಬತ್ತು ಎಂದು ಬರೆದಿದ್ದರೆ ಯಾರು ಕೇಳುತ್ತಿದ್ದರು?
ಹದಿಮೂರಕ್ಕೂ ಒಂಬತ್ತೇ, ಹದಿನೇಳಕ್ಕೂ ಒಂಬತ್ತೇ.
ಮಳೆಯಲ್ಲಿ ನಡೆದು ಬಂದ ಮನುಷ್ಯ
ಮೂರು ಖಾನೆ ಖಾಲಿ ಬಿಟ್ಟು ಹಿಂದಿರುಗಿದ್ದ.

ಜಾಲರಿಯಂಥ ಒಂದು ಗುರುತು ಹಾಕಿದರೆ
ಮುಂದಿನದನ್ನು ಯಂತ್ರ ಓದುವುದಿಲ್ಲ,
ಅದು ಮನುಷ್ಯರಿಗೆ ಎಂದು ನಿನ್ನೆ ಕಲಿತಿದ್ದಳು.
ಹಾಕಿ, ಕೀಲಿಮಣೆಯನ್ನು ಬೇಕೆಂದೇ ಹೊರಳಿಸಿ
ತನ್ನ ಭಾಷೆಯಲ್ಲಿ ಬರೆದಳು:
ನೀರು ಸೇತುವೆ ಒಯ್ದಿತ್ತು. ಅವರು ದಡದವರೆಗೆ ಬಂದಿದ್ದರು.

ಆ ಭಾಷೆಯಲ್ಲಿ ನೀರಿಗೆ ಸೂ ಅನ್ನುತ್ತಾರೆ.
ಮೊದಲಕ್ಷರ ಅದೇ, ಬಾಯ್ತೆರೆದ ಅರ್ಧಚಂದ್ರ.
ಈ ಸಲ ಯಂತ್ರ ಏನೂ ಕೇಳಲಿಲ್ಲ.