ಹೆಸರಿಲ್ಲದ ಕೈಗವಸು

ಶಿಕೂಟಿಮಿಯಲ್ಲಿ ಜನವರಿ. ಸಗ್ನೇ ನದಿ
ಬಿಳಿಗಲ್ಲಿನ ಹಾಗೆ ಬಿಗಿದು ಮಲಗಿದೆ.
ಶಿಶುವಿಹಾರದ ಬಾಗಿಲ ಬದಿಗೆ ರಟ್ಟಿನ ಪೆಟ್ಟಿಗೆ,
ಅದರ ತುಂಬ ಯಾರವೋ ಕೈಗವಸು.
ಹರಿದಿಲ್ಲ, ತೂತಿಲ್ಲ, ಒಳಗಿನ ಉಣ್ಣೆ ಇನ್ನೂ ಮೆತ್ತಗಿದೆ.
ಹೆಸರಿಲ್ಲ, ಅಷ್ಟೇ.
ಹದಿನಾಲ್ಕು ವರ್ಷದಿಂದ ಆ ಪೆಟ್ಟಿಗೆ ನನ್ನ ಸುಪರ್ದಿ.

ಹಾಗಾಗಿ ಡಾಕ್ಟರ್ ಲವ್ವಾ ಕಾಗದದ ಮೇಲೆ
ಜೀವಕೋಶ ಬರೆದು ಹೇಳತೊಡಗಿದಾಗ
ಅರ್ಧಕ್ಕೇ ನನಗೆ ಗೊತ್ತಾಗಿಹೋಯಿತು.

ಕಿಣ್ವ ಹುಟ್ಟಿದರೆ ಸಾಲದಂತೆ.
ಮೈಮೇಲೆ ಸಕ್ಕರೆಯ ಕವಲುಕೊಂಬೆ ನೆಡಬೇಕು,
ತುದಿಯ ಮೂರು ಗ್ಲೂಕೋಸು ಸವರಬೇಕು,
ಒಳಗಿನ ಮ್ಯಾನೋಸಿಗೆ, ಆರನೆಯ ಇಂಗಾಲದ ಬಳಿ,
ರಂಜಕದ ಒಂದು ಚೀಟಿ.
ಚೀಟಿಯ ಮೇಲೂ ಒಂದು ಮುಸುಕು ಇರುತ್ತದೆ;
ಇನ್ನೊಬ್ಬರು ಬಂದು ಅದನ್ನು ಸುಲಿಯಬೇಕು,
ಹೆಸರಿನ ಸ್ಟಿಕ್ಕರಿನ ಹಿಂದಿನ ಕಾಗದವನ್ನು
ನಾನು ಉಗುರಿನಲ್ಲಿ ಎಬ್ಬಿಸುವ ಹಾಗೆ.
ಆಮೇಲೆಯೇ ಅಂಟು. ಆಮೇಲೆಯೇ ಯಾರೋ
ಗುರುತು ಹಿಡಿದು, ಕೈಹಿಡಿದು,
ಕಸ ಕರಗಿಸುವ ಆ ಹುಳಿ ಕೋಣೆಗೆ ಕರೆದೊಯ್ಯುವುದು.

“ನಿಮ್ಮ ಮಗುವಿನಲ್ಲಿ ಚೀಟಿ ಹಚ್ಚುವವರಿಲ್ಲ.”
“ಹಾಗಾದರೆ ಕಿಣ್ವವೇ ಇಲ್ಲವೇ?”
“ಇದೆ. ಬೇಕಾದ್ದಕ್ಕಿಂತ ಹೆಚ್ಚೇ ಇದೆ. ರಕ್ತದಲ್ಲಿ.”

ಕೋಣೆಯಲ್ಲಿ ಕಸದ ರಾಶಿ,
ಬಾಗಿಲು ಸಿಗದ ಜಾಡಮಾಲಿಗಳು ಬೀದಿಯಲ್ಲಿ.
ಸೂಕ್ಷ್ಮದರ್ಶಕಕ್ಕೆ ಕಣ್ಣಿಡಲು ಹೇಳಿದರು:
ಕಪ್ಪು ಚುಕ್ಕೆ, ಅದರ ಪಕ್ಕ ಕಪ್ಪು ಚುಕ್ಕೆ,
ಆಗಸ್ಟಿನ ನೀಲಿಹಣ್ಣು ಬುಟ್ಟಿಯಿಂದ ಚೆಲ್ಲಿದ ಹಾಗೆ.
ಚೆಂದವಿದೆ ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ.

ನನ್ನಲ್ಲೊಂದು, ಗೇತಾನನಲ್ಲೊಂದು;
ಇಬ್ಬರೂ ಕಾಣದೆ ಹೊತ್ತು ತಂದದ್ದು.
ಈ ಕಣಿವೆಗೆ ಬಂದ ಮೊದಲ ದೋಣಿಗಳಲ್ಲಿ
ಯಾರ ಗಂಟಿನಲ್ಲಿತ್ತೋ,
ಎರಡಕ್ಷರ ಬಿಟ್ಟುಹೋದ ಆ ಬರಹ.
ಬೈಯೋಣವೆಂದರೆ ಅವರ ಗೋರಿಗಳ ಮೇಲೂ
ನನ್ನದೇ ಮನೆತನದ ಹೆಸರು.

ಮಾಯೆಲ್‌ಗೆ ಈಗ ಎರಡು ವರ್ಷ ಮೂರು ತಿಂಗಳು.
ತೂಕ ಹೋದ ಚಳಿಗಾಲದ್ದೇ.
ಬೆರಳು ಮಡಿಚಿದ್ದು ಮಡಿಚಿದಂತೆಯೇ ನಿಂತಿದೆ;
ಅಂಗಡಿಯ ಗವಸು ಯಾವುದೂ ಹೋಗುವುದಿಲ್ಲ.
ಹೆಬ್ಬೆರಳಿಗೆ ಬೇರೆ ಮನೆಯಿಲ್ಲದ,
ಪುಟ್ಟ ಚೀಲದಂಥದ್ದು ಹೆಣೆದಿದ್ದೇನೆ, ಹಳದಿ ಉಣ್ಣೆಯಲ್ಲಿ.
ನಿನ್ನೆ ರಾತ್ರಿ ಒಳಮಗ್ಗುಲಿಗೆ
ಕೆಂಪು ದಾರದಿಂದ ಅವಳ ಹೆಸರು ಹೊಲಿಯುತ್ತಿದ್ದೆ.

ಅಲ್ಯೂಮಿನಿಯಂ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗೇತಾನ್,
ಬೂಟಿನ ಹಿಮ ಕೊಡವುತ್ತ ಕೇಳಿದ:
“ಮನೆ ದಾಟದ ಮಗು. ಗವಸು ಎಲ್ಲಿ ಕಳೆದೀತು?”

ಕೊನೆಯ ಅಕ್ಷರ ಬಾಕಿಯಿತ್ತು.
ಮುಗಿಸಿದೆ. ದಾರವನ್ನು ಹಲ್ಲಿನಲ್ಲಿ ಕಡಿದೆ.